ಮೂರನೇ ಕಪ್ಪಿನ ಮೊಳಕೆ

“ಅಪ್ಪಾ, ಒಂದೇ ಒಂದು ಮಾತಾಡಪ್ಪಾ! ಆಡ್ತೀಯೋ ಇಲ್ವೋ?”

ಚಿನಕುರುಳಿ ಅಪ್ಪನ ತೋಳು ಹಿಡಿದು ಜಗ್ಗಿದಳು. ಅಪ್ಪ ಹೊಲಿಗೆ ಮೆಷಿನ್ ಮುಂದೆ ಕೂತಿದ್ದ. ಯಾರದೋ ಸ್ಕೂಲ್ ಶರ್ಟು ಮೂರು ದಿನದಿಂದ ಸೂಜಿಯ ಕೆಳಗೆ ಹಾಗೇ ಬಿದ್ದಿತ್ತು.

“ಹೂಂ,” ಅಂದ ಅಪ್ಪ.

ಅಷ್ಟೇ! ಅಜ್ಜಿ ತೀರಿಕೊಂಡು ಒಂದೂವರೆ ತಿಂಗಳಾಗಿತ್ತು. ಅಲ್ಲಿಂದೀಚೆಗೆ ಅಪ್ಪನ ಬಾಯಿಂದ ಬರುತ್ತಿದ್ದದ್ದು ಹೂಂ, ಊಹೂಂ ಎರಡೇ. ಮೊದಲಾದರೆ ಅಪ್ಪನ ಹರಟೆಗೆ ಅಂಗಿಯ ಅಳತೆ ಕೊಡಲು ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕು ನಕ್ಕು ಅಳತೆಯೇ ತಪ್ಪುತ್ತಿತ್ತು.

ಚಿನಕುರುಳಿ ಅಂತ ಇವಳಿಗೆ ಹೆಸರಿಟ್ಟವಳೂ ಅಜ್ಜಿಯೇ. “ಒಂದು ನಿಮಿಷ ಕೈ ಸುಮ್ನಿರಲ್ಲ ಇದರದ್ದು,” ಅನ್ನುತ್ತಿದ್ದಳು.

ಹೋಗುವುದಕ್ಕೆ ಒಂದು ವಾರ ಮುಂಚೆ ಅಜ್ಜಿ ಸೀತಾಫಲ ತಿಂದು, ಮೂರು ಬೀಜ ತೊಳೆದು, ಮೂರು ಐಸ್‌ಕ್ರೀಮ್ ಕಪ್ಪುಗಳಲ್ಲಿ ಮಣ್ಣು ತುಂಬಿ ಊರಿದ್ದಳು. “ಬೇಗ ಏಳಲ್ಲ ಕಣೇ ಇದು. ನಿನ್ನ ಹಾಗಲ್ಲ,” ಅಂದಿದ್ದಳು.

ಕೇಳಬೇಕಲ್ಲ! ಎರಡನೇ ಕಪ್ಪನ್ನು ಚಿನಕುರುಳಿ ದಿನಾ ಕೆದಕಿ ನೋಡಿ, ಆ ಬೀಜ ಕೊಳೆತೇಹೋಗಿತ್ತು. ಉಳಿದದ್ದು ಎರಡು. ಅಜ್ಜಿಯ ಗಿಡ ಕಂಡರೆ ಅಪ್ಪ ಮತ್ತೆ ಮಾತಾಡುತ್ತಾನೆ ಎಂದು ಅವಳು ನಂಬಿದ್ದಳು. ಯಾರಿಗೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲನೇ ಕಪ್ಪಿನಲ್ಲಿ ಮೊಳಕೆ ಎದ್ದಿತ್ತು. ಅದರ ತಲೆ ಮೇಲೆ ಕಪ್ಪು ಬೀಜ ಟೋಪಿಯಂತೆ ಕೂತಿತ್ತು.

“ಅಮ್ಮಾ, ಬಂತು! ಬಾ ನೋಡು!”

“ಮುಟ್ಟಬೇಡ. ಸಂಜೆ ನೋಡೋಣ, ಬಸ್ಸು ಹೋಗುತ್ತೆ,” ಅಂತ ಅಮ್ಮ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಓಡಿದಳು.

ಎರಡು ದಿನ ಕಳೆದರೂ ಟೋಪಿ ಬೀಳಲಿಲ್ಲ. ಬೋಳು ಕಡ್ಡಿ ತೋರಿಸಿದರೆ ಅಪ್ಪ ಮಾತಾಡುತ್ತಾನಾ? ಎಲೆ ಬೇಕು! ಚಿನಕುರುಳಿ ಎರಡು ಉಗುರಲ್ಲಿ ಹಿಡಿದು ಮೆಲ್ಲಗೆ ಎಳೆದಳು.

ಟಪ್!

ಟೋಪಿಯ ಜೊತೆ ಎಲೆಗಳೂ ಕಿತ್ತು ಬಂದವು. ಇನ್ನೂ ಬಿಚ್ಚದ ಎರಡು ಪುಟ್ಟ ಎಲೆಗಳು ಬೀಜದೊಳಗೇ ಸಿಕ್ಕಿಕೊಂಡಿದ್ದವು.

ಮುಚ್ಚಿಡಬಹುದಿತ್ತು. ಆದರೆ ಕಾಲು ಅಪ್ಪನ ಹತ್ತಿರವೇ ನಡೆದವು.

“ಅಪ್ಪಾ, ಅಜ್ಜಿ ಗಿಡ... ನಾನೇ ಕಿತ್ತುಬಿಟ್ಟೆ. ಟೋಪಿ ತೆಗೆಯೋಣ ಅಂತ...”

ಅಪ್ಪ ಬೀಜವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಬೈದಿದ್ದರೂ ವಾಸಿಯಿತ್ತು. ಬೈಯಲಿಲ್ಲ.

“ಅದನ್ನ ಎಳೀಬಾರದು ಮಗಾ,” ಅಂದ. “ಒಣಗಿ ಕಚ್ಕೊಂಡಿರುತ್ತೆ. ಒಂಚೂರು ನೀರು ಚಿಮುಕಿಸಿ ಬಿಟ್ಟುಬಿಡ್ಬೇಕು. ಆಮೇಲೆ ಅದೇ ಬಿಚ್ಕೊಳ್ಳುತ್ತೆ. ನಮ್ಮಮ್ಮ ಹೇಳೋಳು.”

“ಎಷ್ಟು ದಿನಕ್ಕೆ?”

“ಗೊತ್ತಿಲ್ಲ.”

ಅಪ್ಪ ಎದ್ದು ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಅವನ ಹೆಗಲು ಅಲುಗುತ್ತಿತ್ತು. ಚಿನಕುರುಳಿಗೂ ಅಳು ಬಂತು.

ಹತ್ತು ದಿನದ ಮೇಲೆ ಮೂರನೇ ಕಪ್ಪಿನ ಮಣ್ಣು ಬಿರಿಯಿತು. ಅದೇ ಬಗ್ಗಿದ ಕುತ್ತಿಗೆ, ಅದೇ ಕಪ್ಪು ಟೋಪಿ. ಚಿನಕುರುಳಿಯ ಬೆರಳು ತುರಿಸಿದವು. ಅವಳು ಕೈ ಒದ್ದೆ ಮಾಡಿಕೊಂಡು ನಾಲ್ಕು ಹನಿ ಚಿಮುಕಿಸಿ, ಕೈ ಹಿಂದೆ ಕಟ್ಟಿಕೊಂಡು ಸ್ಕೂಲಿಗೆ ಹೊರಟಳು.

ಸಂಜೆ ಬಂದು ನೋಡಿದರೆ ಟೋಪಿ ಹಾಗೇ ಇತ್ತು. ಮತ್ತೆ ನಾಲ್ಕು ಹನಿ ಹಾಕಿದಳು.

ಮುಂದಿನ ಕೋಣೆಯಲ್ಲಿ ಅಪ್ಪ ಮೆಷಿನ್ ಮುಂದೆ ಕೂತಿದ್ದ. ಶರ್ಟಿನವರು ಬೇಸತ್ತು ಬಟ್ಟೆ ವಾಪಸ್ ಒಯ್ದಿದ್ದರು. ಸೂಜಿಯ ಕೆಳಗೆ ಏನೂ ಇರಲಿಲ್ಲ. ‘ಅಪ್ಪಾ, ಮಾತಾಡಪ್ಪಾ’ ಎಂಬುದು ಚಿನಕುರುಳಿಯ ನಾಲಿಗೆ ತುದಿವರೆಗೂ ಬಂತು. ತೋಳಿನ ಕಡೆ ಕೈಯೂ ಹೋಯಿತು.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಒಳಗಿಂದ ಒಂದು ಲೋಟ ನೀರು ತಂದು ಅಪ್ಪನ ಪಕ್ಕದಲ್ಲಿಟ್ಟಳು. ಗುಂಡಿಗಳ ಡಬ್ಬಿ ತೆಗೆದು, ನೆಲದ ಮೇಲೆ ಕೂತು, ಬಿಳಿಯವನ್ನು ಒಂದು ಕಡೆ, ಕರಿಯವನ್ನು ಒಂದು ಕಡೆ ಇಡತೊಡಗಿದಳು.

ಅಪ್ಪನ ಕಾಲು ಪೆಡಲ್ ಮೇಲಿತ್ತು. ಮೆಷಿನ್ ಓಡುತ್ತಿರಲಿಲ್ಲ. ಓಡಿಸು ಎಂದು ಅವಳು ಹೇಳಲಿಲ್ಲ.