ಅಮ್ಮ ಆನ್‌ಲೈನ್ ಇದ್ದಾಳೆ

“ಅಪ್ಪಾ, ಅಮ್ಮ ಆನ್‌ಲೈನ್ ಇದ್ದಾಳೆ.”

ಅಪ್ಪ ಮಗಳ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದ. ಕೈ ನಿಂತಿತು. ಇಸ್ತ್ರಿಪೆಟ್ಟಿಗೆಯೂ ನಿಂತಿತು. ಕಾಲರ್ ಸುಟ್ಟ ವಾಸನೆ ಬಂದ ಮೇಲೆ ಅದನ್ನು ಎತ್ತಿಟ್ಟ.

ಅಮ್ಮ ತೀರಿಕೊಂಡು ಏಳು ತಿಂಗಳಾಗಿತ್ತು. ಅಲ್ಲಿ ನೆಟ್‌ವರ್ಕ್ ಸಿಗುತ್ತದೆ ಎಂದು ಈವರೆಗೆ ಯಾರೂ ಹೇಳಿಲ್ಲ.

“ಎಲ್ಲಿ, ಫೋನ್ ಕೊಡು.”

ನಿಜವೇ. ಚಾಟ್‌ನಲ್ಲಿ ಅಮ್ಮನ ಹೆಸರಿನ ಪಕ್ಕ ಹಸಿರು ಚುಕ್ಕೆ ಇತ್ತು.

ಹುಡುಗಿಗೆ ಹತ್ತು ವರ್ಷ. ಹುಟ್ಟಿದಾಗ ಇಡೀ ಬೀದಿಯ ನಿದ್ದೆ ಕೆಡಿಸಿದ್ದಕ್ಕೆ ಸೊಳ್ಳೆ ಎಂಬ ಹೆಸರು ಬಿದ್ದಿತ್ತು. ಹೆಸರಿಟ್ಟವಳು ಅಮ್ಮ. ಅಮ್ಮ ಡ್ರೈವಿಂಗ್ ಸ್ಕೂಲಿನ ಟೀಚರ್. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ್ದಳು. ಉಳಿದ ಅರ್ಧ ಜನ ಹಾಗೆ ಕಲಿತವರಿಗೆ ಹೆದರಿ ಫುಟ್‌ಪಾತ್ ಬಿಟ್ಟು ಇಳಿಯುತ್ತಿರಲಿಲ್ಲ.

“ನಾನು ಆಗ್ಲೇ ಮೆಸೇಜ್ ಹಾಕ್ದೆ,” ಎಂದಳು ಸೊಳ್ಳೆ.

‘ಅಮ್ಮಾ?’ ಎಂದು ಹಾಕಿದ್ದಳು. ಅಪ್ಪ ನೋಡುತ್ತಿದ್ದಂತೆಯೇ ಉತ್ತರ ಬಂತು.

‘ಯಾರು ನೀವು?’

ಸೊಳ್ಳೆ ಫೋನನ್ನು ಕಿತ್ತುಕೊಂಡು ಮಂಚದ ಮೇಲೆ ಬೋರಲು ಹಾಕಿದಳು.

“ಅಮ್ಮಂಗೆ ನಾನು ಮರ್ತೇ ಹೋಗಿದೀನಿ.”

“ಅದು ಅಮ್ಮ ಅಲ್ಲ, ಪುಟ್ಟಿ,” ಎಂದ ಅಪ್ಪ. ಮೂಲೆಯ ಖಾಲಿ ಮೇಜಿನ ಕಡೆ ನೋಡಿದ. “ಕಂಪ್ಯೂಟರ್.”

ಅಮ್ಮನ ಹಳೇ ಕಂಪ್ಯೂಟರನ್ನು ಅಪ್ಪ ಹೋದ ತಿಂಗಳು ರಿಪೇರಿ ಅಂಗಡಿಗೆ ಮಾರಿದ್ದ. ಮಾರುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿದ್ದ. ಕೀಬೋರ್ಡಿನ ಸಂದಿಗಳನ್ನೆಲ್ಲ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದ್ದ. ಅಷ್ಟು ಕ್ಲೀನಾದ ಕಂಪ್ಯೂಟರ್ ಪ್ರಪಂಚದಲ್ಲೇ ಇನ್ನೊಂದಿರಲಿಲ್ಲ. ಒಳಗಿನ ಬ್ರೌಸರ್ ಮಾತ್ರ ಅವನಿಗೆ ನೆನಪಾಗಿರಲಿಲ್ಲ.

ರಿಪೇರಿ ಅಂಗಡಿಯವನು ಅದನ್ನು ಕೊಂಡವರ ವಿಳಾಸ ಕೊಟ್ಟ. ಅದು ಎರಡು ಬೀದಿ ಆಚೆಯ ಟೈಲರ್ ಅಂಗಡಿ.

ಟೈಲರ್ ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡಿದ್ದರು. ಅಪ್ಪ ಹೇಳಿದ್ದನ್ನೆಲ್ಲ ಕೇಳಿ, ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಹನ್ನೊಂದು ಸೂಜಿ. ಆಮೇಲೆ ಮಾತಾಡಿದರು.

“ಆ ಚಾಟು ಕಂಪ್ಯೂಟರ್ ಜೊತೇಲೇ ಬರುತ್ತೆ ಅಂದ್ಕೊಂಡಿದ್ದೆ ಸರ್. ಲಾಗಿನ್ ಅಂತ ಒತ್ತಿದೆ, ಹೆಸರು, ಪಾಸ್‌ವರ್ಡು ಎಲ್ಲ ಅದೇ ತುಂಬ್ಕೊಳ್ತು. ಒಳಗಿಂದು ಒಂದಕ್ಷರ ಓದಿಲ್ಲ. ಬೆಳಗ್ಗೆ ‘ಅಮ್ಮಾ’ ಅಂತ ಬಂತು. ಯಾರೋ ತಪ್ಪಿ ಹಾಕಿರ್ಬೇಕು ಅಂತ...”

ಸೊಳ್ಳೆಯ ಮುಖ ನೋಡಿ ಸೂಜಿ ಡಬ್ಬಿಯ ಮುಚ್ಚಳ ಹಾಕಿದರು.

ಅವರ ಮಗಳು, ಕಾಲೇಜಿಗೆ ಹೋಗುವ ಅಕ್ಕ, ಕಂಪ್ಯೂಟರ್ ಮುಂದೆ ಕೂತಳು. “ಮೊದ್ಲು ಪಾಸ್‌ವರ್ಡ್ ಚೇಂಜ್ ಮಾಡ್ಬೇಕು ಅಂಕಲ್. ಹಳೇದೇನು?”

“ಅವಳಿಗೇ ನೆನಪಿರ್ಲಿಲ್ಲಮ್ಮ. ಸೇವ್ ಮಾಡ್ಲಾ ಅಂತ ಅದು ಕೇಳಿದಾಗೆಲ್ಲ, ‘ಮಾಡ್ಕೋಪ್ಪಾ, ನಂಗೆ ಬೇರೆ ಕೆಲಸ ಇದೆ’ ಅಂತ ಒತ್ತೋಳು.”

“ಇಲ್ಲೇ ಇರುತ್ತೆ ಬಿಡಿ.”

ಅಕ್ಕ ಸೆಟ್ಟಿಂಗ್ಸ್ ತೆರೆದಳು. ಕಪ್ಪು ಚುಕ್ಕೆಗಳ ಸಾಲಿನ ಪಕ್ಕ ಒಂದು ಕಣ್ಣಿನ ಚಿತ್ರ ಇತ್ತು. ಅದನ್ನು ಒತ್ತಿದಳು.

“ಇಷ್ಟು ಸುಲಭಾನಾ?” ಎಂದ ಅಪ್ಪ.

“ಈ ಕುರ್ಚೀಲಿ ಯಾರು ಕೂತ್ರೂ ಅಷ್ಟೇ. ನಮ್ಮಪ್ಪ ಆಗಿದ್ದಕ್ಕೆ ಸರಿಹೋಯ್ತು. ಬೇರೆಯವರಾಗಿದ್ರೆ ಆಂಟಿ ಹೆಸರಲ್ಲಿ ಯಾರಿಗೆ ಏನ್ ಬೇಕಾದ್ರೂ ಬರೀತಿದ್ರು.”

ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಅಮ್ಮನ ಪಾಸ್‌ವರ್ಡ್ ಇತ್ತು, ಕೊನೆಯಲ್ಲಿ ಒಂದು ಅಂಕಿ. ಸೊಳ್ಳೆ ಅದನ್ನು ಕೂಡಿಸಿ ಕೂಡಿಸಿ ಓದಿದಳು.

“ಬ್ರೇಕ್... ಮೇಲೆ... ಕಾಲು... ಒಂದು.”

ಅಪ್ಪನಿಗೆ ನಗು ಬಂತು. ಅಮ್ಮ ಕಾರಿನಲ್ಲಿ ದಿನವಿಡೀ ಹೇಳುತ್ತಿದ್ದ ಮಾತು ಅದು. ಮೆಟ್ಟಿಲು ಹಾರುವ ಸೊಳ್ಳೆಗೂ ಹೇಳುತ್ತಿದ್ದಳು, ಮೂರನೇ ಸಲ ಅನ್ನ ಬಡಿಸಿಕೊಳ್ಳುವ ಅಪ್ಪನಿಗೂ ಹೇಳುತ್ತಿದ್ದಳು. ನಗು ಅರ್ಧಕ್ಕೇ ನಿಂತಿತು. ಅಪ್ಪ ತಿರುಗಿ ನಿಂತು ದಾರದ ಉಂಡೆಗಳನ್ನು ತುಂಬಾ ಹೊತ್ತು ನೋಡಿದ, ಕೊಳ್ಳಲು ಬಂದವನ ಹಾಗೆ.

“ಚೇಂಜ್ ಮಾಡ್ದೇ ಇದ್ರೆ?” ಸೊಳ್ಳೆ ಮೆಲ್ಲಗೆ ಕೇಳಿದಳು. “ಇವ್ರು ಕೂತಾಗೆಲ್ಲ ಅಮ್ಮ ಆನ್‌ಲೈನ್ ಇರ್ತಾಳೆ, ಅಲ್ವಾ?”

ಅಕ್ಕ ಕೀಬೋರ್ಡಿನಿಂದ ಕೈ ತೆಗೆದಳು.

“ಬೇಕಾದ್ರೆ ಹಾಗೇ ಇಡ್ತೀನಿ, ಮಗಳೇ,” ಎಂದರು ಟೈಲರ್. “ದಿನಾ ಬೆಳಗ್ಗೆ ಆನ್ ಮಾಡಿಟ್ಟು ಆಚೆ ಕೂತ್ಕೋತೀನಿ. ಏನೂ ಮುಟ್ಟಲ್ಲ.”

ಹೂಂ ಅಂದಿದ್ದರೆ ಅವರು ನಿಜವಾಗಿಯೂ ಹಾಗೇ ಮಾಡುತ್ತಿದ್ದರು. ಅದು ಸೊಳ್ಳೆಗೂ ಗೊತ್ತಾಯಿತು. ಬೇಕು ಎನ್ನಲು ಬಾಯಿ ತೆರೆದಳು. ‘ಯಾರು ನೀವು?’ ಎಂದು ಬಂದದ್ದು ಕಣ್ಣ ಮುಂದೆ ಬಂತು.

“ಬೇಡ ಅಂಕಲ್,” ಎಂದಳು. “ನೀವೇ ಅಲ್ವಾ ಇರೋದು.”

ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡಳು. ಎಲ್ಲರೂ ಮುಖ ತಿರುಗಿಸಿದರು. ಹೊಸ ಪಾಸ್‌ವರ್ಡನ್ನು ಎರಡು ಸಲ ಟೈಪ್ ಮಾಡಿದಳು. ಅದೇನೆಂದು ನನಗೆ ಗೊತ್ತು, ಹೇಳುವುದಿಲ್ಲ. ಸೇವ್ ಮಾಡಲೇ ಎಂದು ಬ್ರೌಸರ್ ಬಹಳ ವಿನಯದಿಂದ ಕೇಳಿತು. ಬೇಡ ಎಂದು ಒತ್ತಿದಳು. ಅಕ್ಕ ಹಳೆಯದನ್ನೂ ಅಳಿಸಿ ಹಾಕಿ ಲಾಗೌಟ್ ಒತ್ತಿದಳು.

ವಾಪಸ್ ಬರುವಾಗ ಅಪ್ಪ ಕೇಳಿದ. “ನೆನಪಿರುತ್ತಾ? ಮರ್ತ್ರೆ ಅಮ್ಮನ ಫೋಟೋ, ಮೆಸೇಜು ಯಾವುದೂ ಸಿಗಲ್ಲ.”

ಸೊಳ್ಳೆ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಾ ನಡೆದಳು. ರಸ್ತೆ ಖಾಲಿಯಾದಾಗ ಅಪ್ಪನನ್ನು ಬಗ್ಗಿಸಿ, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಪಾಸ್‌ವರ್ಡ್ ಹೇಳಿದಳು.

“ಈಗ ನೀನು ಹೇಳು.”

ಅಪ್ಪ ಹೇಳಿದ. ಕೊನೆಯಲ್ಲಿ ತಪ್ಪಿತು.

ಸೊಳ್ಳೆ ಅವನ ಕೈ ಹಿಡಿದುಕೊಂಡು ಮೊದಲಿನಿಂದ ಹೇಳಿಕೊಟ್ಟಳು.