ತುಪ್ಪಳದ ಕೋಟು

ಲಡಾಖಿನ ಕಣಿವೆಯಿಂದ ಗಾಳಿ ಮೇಲೆದ್ದ ಕೂಡಲೇ ಡಾ. ನೀಲಾಂಬಿಕಾ ಹಂಗರಗಿಯ ಮೈಮೇಲಿನ ಕೋಟು ತಾನಾಗಿಯೇ ಕೂದಲು ನಿಮಿರಿಸಿಕೊಂಡಿತು. ಅದು ಹೊಲಿದ ಕೋಟಲ್ಲ, ಪ್ರಯೋಗಾಲಯದಲ್ಲಿ ಬೆಳೆದದ್ದು. ಹಿಮದಲ್ಲಿ ಜಾರುಬಂಡಿ ಎಳೆಯುವ ನಾಯಿಯ ಜೀವಕೋಶದಿಂದ ಆಕೆ ಅರ್ಧ ಆಯುಷ್ಯ ಒದ್ದಾಡಿ ಬೆಳೆಸಿದ ಜೀವಂತ ತುಪ್ಪಳ. ಮೇಲಿನ ಒರಟು ಕೂದಲು ಹಿಮವನ್ನು ಒಳಗೆ ಬಿಡುವುದಿಲ್ಲ. ಅದರಡಿಯ ಹತ್ತಿಯಂಥ ದಟ್ಟ ಕೂದಲು ಗಾಳಿಯನ್ನು ಹಿಡಿದಿಡುತ್ತದೆ. ಮೈಯ ಶಾಖ ಸೋರದಂತೆ ಕಾಯುವುದು ಆ ಕದಲದ ಗಾಳಿಯೇ.

ಹಿಮ ತೆಗೆಯುವ ಯಂತ್ರದ ಕ್ಯಾಬಿನ್ನಿನಲ್ಲಿ ಆಕೆಯ ಪಕ್ಕ ಚಾಲಕಿ ಜಗದೇವಿ. ಅವಳೂ ಕಲಬುರಗಿ ಕಡೆಯವಳೇ. ಕೋಟಿನ ಪರೀಕ್ಷೆಗೆ ಒಪ್ಪಿ ಅಂಥದೇ ಒಂದನ್ನು ತೊಟ್ಟವರಲ್ಲಿ ಮೊದಲಿಗಳು, ಅದನ್ನೂ ಒಯ್ದು ರಜೆಗೆ ಊರಿಗೆ ಹೋಗಿ ಬಂದು ಇನ್ನೂ ಚೀಲವನ್ನೂ ಬಿಚ್ಚಿರಲಿಲ್ಲ. ದಾರಿಯ ಹಿಂದೆ ಮುಂದೆ ಹಿಮ ಕುಸಿದು ಎಂಜಿನ್ ನಿಂತಾಗ, ಸಂಜೆಯೊಳಗೆ ಬರುತ್ತೇವೆಂದು ಕೆಳಗಿನ ರಸ್ತೆ ಠಾಣೆಯವರು ವೈರ್‌ಲೆಸ್‌ನಲ್ಲಿ ತಿಳಿಸಿದರು. ಈ ಕೋಟಿದ್ದ ಮೇಲೆ ನಾಳೆ ಬಂದರೂ ಚಿಂತೆಯಿಲ್ಲ ಎಂದು ನೀಲಾಂಬಿಕಾ ನಕ್ಕುಬಿಟ್ಟಳು.

ಸ್ವಲ್ಪ ಹೊತ್ತಿಗೇ ಜಗದೇವಿ ಗಡಗಡ ನಡುಗತೊಡಗಿದಳು. ಆಮೇಲೆ ನಡುಕ ನಿಂತಿತು. ಮಾತು ತೊದಲಿತು, ನಿದ್ದೆ ಬರುತ್ತಿದೆ ಎಂದಳು. ನೀಲಾಂಬಿಕಾ ತಟ್ಟನೆ ಅವಳತ್ತ ಬಾಗಿದಳು. ಚಳಿಯಲ್ಲಿ ನಡುಕ ನಿಂತಿತೆಂದರೆ ಮೈ ಸೋಲೊಪ್ಪಿದೆ ಎಂದೇ ಅರ್ಥ. ಅವಳ ಕೋಟನ್ನು ಮುಟ್ಟಿ ನೋಡಿದರೆ ಕೂದಲೆಲ್ಲ ಗಂಟುಗಂಟಾಗಿ ಅಂಟಿಕೊಂಡಿದೆ, ಬೆರಳು ಜಾರುತ್ತಿದೆ.

"ಜಗದೇವಿ, ಇದಕ್ಕ ಏನ್ ಹಚ್ಚೀದಿ?"

"ಎಣ್ಣಿರೀ ಮೇಡಂ. ಅವ್ವ ತಿಕ್ಕಿ ಕೊಟ್ಟಾಳ. ಜೀವ ಇರೋ ಕೂದಲ ಅಂದ ಮ್ಯಾಲ ಎಣ್ಣಿ ಬ್ಯಾಡೇನ್ರೀ?"

ನೀಲಾಂಬಿಕಾಗೆ ತನ್ನ ಮೇಲೇ ಕೆಂಡದಂಥ ಸಿಟ್ಟು ಬಂತು. ಬಿಸಿನೀರು ಬೇಡ, ಇಸ್ತ್ರಿ ಬೇಡ ಎಂದೆಲ್ಲ ಸೂಚನೆ ಕೊಟ್ಟವಳಿಗೆ, ವಾರವಾರ ತಲೆಗೆ ಎಣ್ಣೆ ತಿಕ್ಕಿಸಿಕೊಂಡೇ ಬೆಳೆದವಳಿಗೆ, ಇದೊಂದು ಹೊಳೆಯಲಿಲ್ಲವಲ್ಲ! ಎಣ್ಣೆಗೆ ಕೂದಲು ಅಂಟಿದರೆ ಗಾಳಿಗೆ ಜಾಗವೆಲ್ಲಿ?

ಒಂದೇ ಕೋಟಿನಲ್ಲಿ ಇಬ್ಬರು ಹಿಡಿಸುವಂತಿರಲಿಲ್ಲ. ಆಕೆ ತನ್ನದನ್ನು ಬಿಚ್ಚಿ ಜಗದೇವಿಗೆ ತೊಡಿಸಿ, ಎಣ್ಣೆಯ ಕೋಟನ್ನು ತೊಡೆಯ ಮೇಲೆಳೆದುಕೊಂಡಳು. ಚಳಿ ಎಲುಬಿಗಿಳಿಯಿತು. ಎಣ್ಣೆ ಬಿಡಿಸಲು ಅಜ್ಜಿ ತಲೆಗೆ ಕಡಲೆಹಿಟ್ಟು ತಿಕ್ಕುತ್ತಿದ್ದದ್ದು ನೆನಪಾಗಿ ಜಗದೇವಿಯ ಚೀಲ ತಡಕಾಡಿದಳು. ರೊಟ್ಟಿಗೆಂದು ಅವ್ವ ಕಟ್ಟಿಕೊಟ್ಟ ಜೋಳದ ಹಿಟ್ಟು ಸಿಕ್ಕಿತು. ಅದನ್ನೇ ಸುರಿದು ತಿಕ್ಕಿದಳು, ಕೊಡವಿದಳು, ಮತ್ತೆ ತಿಕ್ಕಿದಳು. ಬೆರಳು ಮರಗಟ್ಟಿದ ಮೇಲೆ ಅಂಗೈಯಿಂದ ಉಜ್ಜಿದಳು. ಹಿಟ್ಟು ಎಣ್ಣೆ ಹೀರಿಕೊಂಡು ಉದುರಿತು. ಒಂದು ಮೂಲೆಯಲ್ಲಿ ಕೂದಲು ಬಿಡಿಬಿಡಿಯಾಗಿ ಎದ್ದಿತು, ಆಮೇಲೆ ಬೆನ್ನಿನ ಮೇಲೆ. ಕಣ್ಣು ಮಂಜಾಗುವ ಹೊತ್ತಿಗೆ ಆಕೆ ಹೇಗೋ ಅದರೊಳಗೆ ತೂರಿಕೊಂಡಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೈ ಮತ್ತೆ ನಡುಗತೊಡಗಿತು. ಆ ನಡುಕಕ್ಕೆ ಆಕೆ ಅತ್ತೇಬಿಟ್ಟಳು.

ಠಾಣೆಯವರು ಬಂದು ಇಬ್ಬರನ್ನೂ ಹೊರಗಿಳಿಸಿದಾಗ ಬೆಳಕು ಇನ್ನೂ ಇತ್ತು. ಬಿಸಿ ಚಹಾ ಕುಡಿದು ಮಾತು ಮರಳಿದ ಜಗದೇವಿ, ಈ ಕೂದಲು ಯಾವ ದೇಶದ ನಾಯಿಯದು ಎಂದು ಕೇಳಿದಳು.

"ನಮ್ಮ ಕಲಬುರಗೀದೇ. ನಾವೆಲ್ಲ ಹುಟ್ಟೋಕಿಂತ ಮದ್ಲ ಯಾರೋ ಚಂದ ಕಾಣ್ತದಂತ ತಂದು ಸಾಕಿದ್ರಂತ. ದನದ ಡಾಕ್ಟ್ರು ಅದರ ಚರ್ಮದ ಚೂರು ತಗದು ಕೆಡಲಾರ್ದಂಗ ಥಂಡ್ಯಾಗ ಇಟ್ಟಿದ್ರು."

"ಅದು ಹಿಮ ನೋಡಿತ್ತೇನ್ರೀ?"

"ಇಲ್ಲ. ಬ್ಯಾಸಗ್ಯಾಗ ಬಚ್ಚಲ ಕಲ್ಲಿಗೆ ಹೊಟ್ಟಿ ಹಚ್ಚಿ ಮಲಗತಿತ್ತಂತ. ಬಿಸಲ ತಡೀಲಾರ್ದ ಸತ್ತದ."

ನೀಲಾಂಬಿಕಾಳ ತೋಳಿನ ತುಪ್ಪಳದ ಮೇಲೆ ಬಿದ್ದ ಹಿಮ ಕರಗದೆ ಹಾಗೇ ಉಳಿದಿತ್ತು. ಆಕೆ ಅದನ್ನು ಕೊಡವಲಿಲ್ಲ.