ಮೂರನೆಯ ಕ್ಯಾನು

ನಮ್ಮ ಪ್ರೇಮ ಶುರುವಾಗಿದ್ದು ಮೂರು ಲೀಟರಿನ ಮೂತ್ರದ ಕ್ಯಾನಿನಿಂದ. ಇದನ್ನು ನಯವಾಗಿ ಹೇಳುವ ದಾರಿ ನನಗೆ ಇನ್ನೂ ಸಿಕ್ಕಿಲ್ಲ.

ಇಪ್ಪತ್ನಾಲ್ಕು ಗಂಟೆಯ ಮೂತ್ರ ತುಂಬಿದ ಕ್ಯಾನು ಕೊಟ್ಟಾಗ ಲ್ಯಾಬಿನ ಹೊಸ ಟೆಕ್ನಿಷಿಯನ್ ನನ್ನ ಚೀಟಿ ಓದಿ, "ವಿಟಮಿನ್ ಡಿ ತಾನೆ? ದಿನಾ ಸ್ವಲ್ಪ ಬಿಸಿಲಲ್ಲಿ ಕೂತ್ಕೊಳ್ಳಿ, ಸರಿಹೋಗತ್ತೆ" ಎಂದ. ಚಿಕ್ಕಂದಿನಿಂದ ಈ ಉಪದೇಶ ಕೇಳಿ ಕೇಳಿ ನನಗೆ ಸಾಕಾಗಿತ್ತು.

"ಬಿಸಿಲಲ್ಲಿ ಕೂತ್ರೆ ಬೆವರ್ತೀನಿ, ಅಷ್ಟೆ. ನನ್ನ ಕಿಡ್ನಿ ಫಾಸ್ಫೇಟನ್ನೆಲ್ಲ ಹೊರಗೆ ಚೆಲ್ಲತ್ತೆ. ಬಿಸಿಲಿನ ವಿಟಮಿನ್ನನ್ನ ಕೆಲಸಕ್ಕೆ ಬರೋ ಹಾಗೆ ಮಾಡೋದೂ ಅದರದ್ದೇ ಕೆಲಸ, ಅದಕ್ಕೂ ಸೋಮಾರಿತನ. ಹಾಗಾಗಿ ಫಾಸ್ಫೇಟ್ ಜೊತೆ ರೆಡಿಯಾಗಿರೋ ವಿಟಮಿನ್ನೇ ನುಂಗ್ತೀನಿ. ಕಮ್ಮಿಯಾದ್ರೆ ಮೂಳೆ ನೋವು, ಹೆಚ್ಚಾದ್ರೆ ಕಿಡ್ನಿಯಲ್ಲಿ ಸುಣ್ಣ. ಅದನ್ನ ನೋಡೋಕೇ ಈ ಕ್ಯಾನು. ಇನ್ನೇನಾದ್ರೂ ಉಪದೇಶ?"

ಅವನ ಕಿವಿ ಕೆಂಪಾಯಿತು. ಕಿವಿಗಳೇನೋ ಚೆನ್ನಾಗಿದ್ದವು.

"ಇಲ್ಲ. ಶುರು ಮಾಡಿದ ಟೈಮ್ ಬರೀರಿ ಸಾಕು."

ಮುಂದಿನ ವಾರ ಮತ್ತೆ ಹೋದೆ. ಇಪ್ಪತ್ನಾಲ್ಕು ಗಂಟೆಯದ್ದರಲ್ಲಿ ಒಂದು ಸಲದ್ದು ಬಿಟ್ಟುಹೋಗಿತ್ತು ಎಂದು ಹಸಿ ಸುಳ್ಳು ಹೇಳಿ ಹೊಸ ಕ್ಯಾನು ತಂದೆ. ಅದನ್ನು ತುಂಬಿ ಕೊಟ್ಟಾಗ ಮತ್ತದೇ ಸುಳ್ಳು, ಇನ್ನೊಂದು ಕ್ಯಾನು. ಪ್ರತಿ ಸಲ ಅರ್ಧ ಗಂಟೆ ಹರಟೆ. ಹೇಳಲೇಬೇಕಾದ ಒಂದು ಮಾತು ಮಾತ್ರ ಗಂಟಲಲ್ಲೇ ಉಳಿಯುತ್ತಿತ್ತು. ಆ ಮಾತು ಕೇಳಿ ಹಿಂದೆ ಹೆಣ್ಣು ನೋಡಲು ಬಂದಿದ್ದ ಒಬ್ಬ ಅರ್ಧ ಲೋಟ ಚಹಾ ಬಿಟ್ಟು ಎದ್ದುಹೋಗಿದ್ದ.

ಅಪ್ಪ ಗಡಿಯಾರ ರಿಪೇರಿಯವನು. ನನ್ನ ಹಾಗೆ ಸೊಟ್ಟ ಕಾಲು ಅವನದ್ದೂ. ಕಾಯಿಲೆ ನನಗೆ ಬಂದಿದ್ದು ಅವನಿಂದಲೇ. ಮೂರನೆಯ ಕ್ಯಾನು ನೋಡಿ ಭೂತಗನ್ನಡಿ ತೆಗೆಯದೆಯೇ ಕೇಳಿದ: "ಹುಡುಗ ಎತ್ತರ ಎಷ್ಟಿದಾನೆ?"

ಆ ಕ್ಯಾನು ಕೊಡಲು ಹೋದಾಗ ಟೆಕ್ನಿಷಿಯನ್ ಎರಡು ರಿಪೋರ್ಟು ಮುಂದಿಟ್ಟ.

"ಯಾವುದೂ ಬಿಟ್ಟುಹೋಗಿಲ್ಲ. ಕ್ರಿಯಾಟಿನಿನ್ ಅಂತ ಒಂದಿದೆ, ಮೂತ್ರದಲ್ಲಿ ದಿನಾ ಹೆಚ್ಚುಕಮ್ಮಿ ಒಂದೇ ಅಳತೆ ಹೋಗತ್ತೆ. ಒಂದು ಸಲದ್ದು ತಪ್ಪಿದ್ರೂ ಇಳಿಬೇಕಿತ್ತು. ಎರಡರಲ್ಲೂ ಸರಿಯಾಗಿದೆ."

ಭೂಮಿ ಬಾಯಿಬಿಟ್ಟರೆ ಸಾಕು ಎನ್ನಿಸಿತು. "ಗೊತ್ತಿದ್ದೂ ಇನ್ನೊಂದು ಕ್ಯಾನ್ ಯಾಕೆ ಕೊಟ್ರಿ?"

"ನೀವು ವಾಪಸ್ ಬರ್ಲಿ ಅಂತ."

ಇನ್ನು ಮುಚ್ಚಿಡುವುದು ಅನ್ಯಾಯ. ಕಣ್ಣು ಮುಚ್ಚಿ ಹೇಳಿಬಿಟ್ಟೆ: "ನನಗೆ ಮಕ್ಕಳಾದ್ರೆ ಒಂದೊಂದಕ್ಕೂ ಇದು ಬರೋ ಸಾಧ್ಯತೆ ಅರ್ಧಕ್ಕರ್ಧ. ಗಂಡಾದ್ರೂ ಅಷ್ಟೆ, ಹೆಣ್ಣಾದ್ರೂ ಅಷ್ಟೆ."

ಕಣ್ಣು ತೆರೆದೆ. ಅವನು ಎದ್ದುಹೋಗಿರಲಿಲ್ಲ.

"ಭಯ ಆಗ್ತಿದೆ" ಎಂದ. ಆಮೇಲೆ ಸ್ಟಾಕ್ ಪುಸ್ತಕ ಎಳೆದುಕೊಂಡು ಪೆನ್ನು ತೆಗೆದ. "ಲ್ಯಾಬಿಗೆ ಮಕ್ಕಳ ಸೈಜಿನ ಬಾಟಲಿ ತರಿಸ್ಬೇಕು. ಸದ್ಯಕ್ಕೆ ಎಷ್ಟು ಬರೀಲಿ?"

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಎರಡು" ಎಂದೆ.